ಮೂಗು ನೋಡಿ ನಕ್ಕವರು ನೋಡದೇ ಬಿಟ್ಟಿದ್ದು

2019ರ ಜನವರಿಯಲ್ಲಿ ಬಿಎಂಡಬ್ಲ್ಯು ಕಂಪನಿ ತನ್ನ 7 ಸೀರೀಸ್ ಕಾರಿನ ಫೇಸ್‌ಲಿಫ್ಟ್ ಮಾದರಿಯ ಫೋಟೊಗಳನ್ನು ಹೊರಬಿಟ್ಟಾಗ ಕಾರುಪ್ರಿಯರೆಲ್ಲ ಮಾತಾಡಿದ್ದು ಒಂದೇ ವಿಷಯ. ಅದರ ಮೂಗು. 1933ರ 303 ಮಾದರಿಯಿಂದಲೂ ಬಿಎಂಡಬ್ಲ್ಯು ಕಾರುಗಳ ಗುರುತಾಗಿರುವ ಜೋಡಿ ‘ಕಿಡ್ನಿ’ ಗ್ರಿಲ್ ಒಂದೇ ಏಟಿಗೆ ಶೇ 40ರಷ್ಟು ದೊಡ್ಡದಾಗಿತ್ತು. ಬಾನೆಟ್ ಮೇಲಿನ ಲಾಂಛನ 82 ಮಿ.ಮೀ.ನಿಂದ 95 ಮಿ.ಮೀ.ಗೆ ಏರಿತ್ತು. ಕಾರಿನ ಮುಂಭಾಗವೇ 5 ಸೆಂ.ಮೀ. ಎತ್ತರವಾಗಿತ್ತು. ಹೆಡ್‌ಲ್ಯಾಂಪ್‌ಗಳು ಮಾತ್ರ ತೆಳ್ಳಗಾಗಿದ್ದರಿಂದ ಮೂಗು ಇನ್ನೂ ದೊಡ್ಡದಾಗಿ ಕಂಡಿತು. ಮೂಗಿಗಿಂತ ಮೂಗುತಿ ಭಾರ ಎನ್ನುವ ಗಾದೆಯನ್ನು ಈ ಕಾರನ್ನು ನೋಡಿಯೇ ಕಟ್ಟಿದಂತಿತ್ತು. ಮೀಮ್ ಮಾಡುವವರಿಗೆ ಒಂದು ತಿಂಗಳ ಕೆಲಸ ಸಿಕ್ಕಿತು.

ಆ ಮೂಗು ಚೆಂದ ಎಂದು ವಾದಿಸಲು ನಾನು ಇಲ್ಲಿ ಬಂದಿಲ್ಲ. ನನಗೂ ಅದು ಚೆಂದ ಕಾಣುವುದಿಲ್ಲ. 7 ಸೀರೀಸ್ ಅತಿ ಹೆಚ್ಚು ಮಾರಾಟವಾಗುತ್ತಿದ್ದುದು ಚೀನಾದಲ್ಲಿ. ರಸ್ತೆಯಲ್ಲಿ ಎದ್ದು ಕಾಣುವ ಮುಖ ಬೇಕೆನ್ನುವ ಗಿರಾಕಿ ಇದ್ದರೆ ಕಂಪನಿ ಕೊಡುತ್ತದೆ, ಅಷ್ಟೇ. ತಮಾಷೆ ಏನೆಂದರೆ, ಅಷ್ಟು ದೊಡ್ಡ ಗ್ರಿಲ್‌ನ ಹಿಂದೆ ತಾನಾಗಿಯೇ ತೆರೆದು ಮುಚ್ಚುವ ಪಟ್ಟಿಗಳಿವೆ. ಎಂಜಿನ್‌ಗೆ ತಂಪು ಬೇಕಾದಾಗ ಮಾತ್ರ ಅವು ತೆರೆಯುತ್ತವೆ. ಉಳಿದ ಹೊತ್ತು ಗಾಳಿಯ ತಡೆ ಕಡಿಮೆಯಾಗಲಿ ಎಂದು ಮುಚ್ಚಿಕೊಂಡಿರುತ್ತವೆ. ಶೇ 40ರಷ್ಟು ದೊಡ್ಡ ಮೂಗು ಮಾಡಿಕೊಂಡು ಅದನ್ನು ಮುಚ್ಚಿಕೊಂಡೇ ಓಡಾಡುವುದು ಎಂದರೆ ಇದೇ.

ನನ್ನ ತಕರಾರು ಬೇರೆ. ಈ ಫೇಸ್‌ಲಿಫ್ಟ್‌ನಲ್ಲಿ ನಿಜವಾದ ಎಂಜಿನಿಯರಿಂಗ್ ಮೂಗಿನಲ್ಲಿ ಇರಲೇ ಇಲ್ಲ. ನಕ್ಕವರೂ ಅದನ್ನು ನೋಡಲಿಲ್ಲ, ಮಾರಿದವರೂ ಅದನ್ನು ಮುಂದೆ ಮಾಡಿ ತೋರಿಸಲಿಲ್ಲ. ಕಾರು ಕೊಳ್ಳಲಾಗದ ನಮ್ಮಂಥವರಿಗೆ ಇದರಿಂದ ಏನಾಗಬೇಕು ಎಂದು ಕೇಳಬಹುದು. ಆಗಬೇಕಾದದ್ದು ಬಹಳ ಇದೆ.

ಜರ್ಮನ್ ಐಷಾರಾಮಿ ಕಾರೊಂದರ ಒಂದು ತಲೆಮಾರಿನ ಆಯುಸ್ಸು ಸುಮಾರು ಏಳು ವರ್ಷ. ನಾನು ಹೇಳುತ್ತಿರುವ 7 ಸೀರೀಸ್ 2015ರಲ್ಲಿ ಬಂತು, 2022ರಲ್ಲಿ ಅದರ ಜಾಗಕ್ಕೆ ಹೊಸ ತಲೆಮಾರು ಬಂತು. ನಡುವಿನಲ್ಲಿ, ಅಂದರೆ 2019ರಲ್ಲಿ, ಈ ಫೇಸ್‌ಲಿಫ್ಟ್. ಬೈಕ್‌ಗೆ ಹೊಸ ಸ್ಟಿಕರ್ ಅಂಟಿಸಿ ‘ಆಲ್ ನ್ಯೂ’ ಎಂದು ಜಾಹೀರಾತು ಕೊಡುವುದನ್ನು ನೋಡಿ ನೋಡಿ ನಮಗೆ ಫೇಸ್‌ಲಿಫ್ಟ್ ಎಂದರೆ ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿದಂತೆ ಎನಿಸಿಬಿಟ್ಟಿದೆ. ಜರ್ಮನರ ಶಬ್ದ ಬೇರೆ. ಅವರು ಇದನ್ನು ‘ಮೊಡೆಲ್‌ಪ್ಫ್ಲೇಗೆ’ ಎನ್ನುತ್ತಾರೆ. ‘ಪ್ಫ್ಲೇಗೆ’ ಎಂದರೆ ಆರೈಕೆ. ರೋಗಿಯ ಶುಶ್ರೂಷೆಗೂ ಅದೇ ಪದ. ಮುಖ ಎತ್ತಿ ಕಟ್ಟುವುದಕ್ಕೂ ಆರೈಕೆ ಮಾಡುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಮಾರ್ಕೆಟಿಂಗ್‌ನವರಿಗೆ ಆ ಪದ ಸಪ್ಪೆ ಅನ್ನಿಸಿತೋ ಏನೋ, ಬಿಎಂಡಬ್ಲ್ಯು ಈಗ ಅದಕ್ಕೆ ‘ಲೈಫ್ ಸೈಕಲ್ ಇಂಪಲ್ಸ್’ ಎಂದು ಹೆಸರಿಟ್ಟುಕೊಂಡಿದೆ.

ಫೇಸ್‌ಲಿಫ್ಟ್ ಆದ ಯಾವುದೇ ಸೆಡಾನನ್ನು ಹಳೆಯದರ ಪಕ್ಕ ನಿಲ್ಲಿಸಿ ನೋಡಿ. ಮುಂದಿನ ಮತ್ತು ಹಿಂದಿನ ಬಂಪರ್, ದೀಪಗಳು, ಗ್ರಿಲ್, ಒಮ್ಮೊಮ್ಮೆ ಬಾನೆಟ್, ಮುಂದಿನ ಫೆಂಡರ್, ಡಿಕ್ಕಿಯ ಮುಚ್ಚಳ ಬದಲಾಗಿರುತ್ತವೆ. ಛಾವಣಿ, ಕಂಬಗಳು, ಬಾಗಿಲು, ಹಿಂಚಕ್ರದ ಮೇಲಿನ ಲೋಹದ ಹೊದಿಕೆ ಹಾಗೆಯೇ ಇರುತ್ತವೆ. ಯಾಕೆ ಹೀಗೆ? ಡಿಸೈನರ್‌ಗೆ ಬಾಗಿಲು ಬದಲಿಸುವ ಆಸೆ ಇರುವುದಿಲ್ಲವೇ? ಖಂಡಿತ ಇರುತ್ತದೆ. ಉತ್ತರ ಬೋಲ್ಟ್ ಮತ್ತು ವೆಲ್ಡಿಂಗ್‌ನಲ್ಲಿದೆ.

ಬಂಪರ್ ಎಂದರೆ ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್. ಅಚ್ಚು ಬದಲಿಸಿದರೆ ರೂಪ ಬದಲಾಯಿತು. ಬಾನೆಟ್, ಮುಂದಿನ ಫೆಂಡರ್ ಬೋಲ್ಟ್‌ಗಳ ಮೇಲೆ ನಿಂತಿರುತ್ತವೆ. ದೀಪವೂ ಅಷ್ಟೇ, ಹಿಡಿಯುವ ಬಿಂದುಗಳು, ವೈರಿನ ಕನೆಕ್ಟರ್ ಹೊಂದಿದರೆ ಸಾಕು. ಆದರೆ ಛಾವಣಿ, ಕಂಬ, ಪಕ್ಕದ ದೊಡ್ಡ ಪ್ಯಾನೆಲ್ ಇವೆಲ್ಲ ಸೇರಿ ಒಂದೇ ಗೂಡು. ಈ 7 ಸೀರೀಸ್‌ನಲ್ಲಂತೂ ಉಕ್ಕು, ಅಲ್ಯೂಮಿನಿಯಂ ಮತ್ತು ಕಾರ್ಬನ್ ಫೈಬರನ್ನು ಜೋಡಿಸಿ ಆ ಗೂಡು ಕಟ್ಟಿದ್ದಾರೆ. ಅದಕ್ಕೆ ‘ಕಾರ್ಬನ್ ಕೋರ್’ ಎಂದು ಹೆಸರು. ಅಲ್ಲಿ ಒಂದು ಗೆರೆ ಬದಲಿಸಬೇಕೆಂದರೂ ಹೊಸ ಪ್ರೆಸ್ ಡೈ ಬೇಕು, ಬಿಡಿಭಾಗ ಹಿಡಿದು ನಿಲ್ಲಿಸುವ ಫಿಕ್ಸ್ಚರ್ ಬೇಕು, ರೋಬಾಟ್‌ಗಳಿಗೆ ಮತ್ತೆ ಪಾಠ ಹೇಳಬೇಕು. ಅಪಘಾತವಾದಾಗ ಬಲ ಹರಿಯುವ ದಾರಿ ಬದಲಾದರೆ ಕ್ರ್ಯಾಶ್ ಪರೀಕ್ಷೆಯೂ ಮೊದಲಿನಿಂದ. ಬಾಗಿಲು ನಿಂತಿರುವುದು ಬೋಲ್ಟ್ ಮೇಲೇ ಅಲ್ಲವೇ ಎಂದು ನನ್ನ ರೂಮ್‌ಮೇಟ್ ಕೇಳಿದ. ಹೌದು, ಕೀಲುಗಳಿಗೆ ಬೋಲ್ಟ್ ಇವೆ. ಆದರೆ ಬಾಗಿಲಿನ ಅಂಚು ಗೂಡಿನ ತೆರಪಿಗೆ ಕೂದಲೆಳೆಯಷ್ಟೂ ತಪ್ಪದೆ ಕೂರಬೇಕು. ಅದರ ಮೇಲಿನ ಗೆರೆ ಹಿಂದಿನ ಪ್ಯಾನೆಲ್‌ನ ಗೆರೆಗೆ ಹೋಗಿ ಸೇರಬೇಕು. ಆ ಹಿಂದಿನ ಪ್ಯಾನೆಲ್‌ಗೆ ಬೋಲ್ಟ್ ಇಲ್ಲ. ಹಾಗಾಗಿ ಬೋಲ್ಟ್ ಇದ್ದೂ ಬಾಗಿಲು ಬಂದಿ.

ನಮ್ಮೂರುಗಳ ಗ್ಯಾರೇಜ್‌ನವರಿಗೆ ಈ ಪಾಠ ಪುಸ್ತಕ ಓದದೆಯೇ ಗೊತ್ತು. ಹಳೆ ಗಾಡಿಗೆ ಹೊಸ ಮಾದರಿಯ ಬಂಪರ್, ಲೈಟು, ಗ್ರಿಲ್ ಹಾಕಿ ‘ಕನ್ವರ್ಷನ್’ ಮಾಡಿಕೊಡುವವರು ಬಾಗಿಲಿಗೆ ಕೈ ಹಾಕುವುದಿಲ್ಲ.

ಈ ಗೆರೆ ದಾಟಿದವರು ಇಲ್ಲವೆಂದಲ್ಲ. ಮರ್ಸಿಡಿಸ್ 2009ರಲ್ಲಿ ತಂದ ಇ-ಕ್ಲಾಸ್‌ನ ಹಿಂಚಕ್ರದ ಮೇಲೆ, 1950ರ ದಶಕದ ತನ್ನದೇ ‘ಪಾಂಟನ್’ ಕಾರುಗಳನ್ನು ನೆನಪಿಸುವ ಒಂದು ಉಬ್ಬುಗೆರೆ ಇತ್ತು. ಮುಂದೆ ನಾಲ್ಕು ಪ್ರತ್ಯೇಕ ದೀಪಗಳ ಮುಖ. 2013ರ ಫೇಸ್‌ಲಿಫ್ಟ್‌ನಲ್ಲಿ ನಾಲ್ಕು ದೀಪ ಹೋಗಿ ಪಕ್ಕಕ್ಕೊಂದರಂತೆ ಎರಡೇ ಉಳಿದವು. ಉಬ್ಬುಗೆರೆಯೂ ಹೋಯಿತು. ಅಂದರೆ ಬೆಸೆದ ಪ್ಯಾನೆಲನ್ನೇ ಹೊಸದಾಗಿ ಒತ್ತಿಸಿದರು. ಇನ್ನು ಮೂರೇ ವರ್ಷ ಮಾರುವ ಕಾರಿಗೆ ಅಷ್ಟು ಖರ್ಚು! ಎಂಜಿನಿಯರ್ ಆಗಿ ನೋಡಿದರೆ ಎದೆಗಾರಿಕೆ, ಅಕೌಂಟೆಂಟ್ ಆಗಿ ನೋಡಿದರೆ ಎದೆನೋವು.

ಬಿಎಂಡಬ್ಲ್ಯು ಚರಿತ್ರೆಯಲ್ಲೂ ಇಂಥದ್ದೊಂದು ಇದೆ. 2001ರಲ್ಲಿ ಬಂದ 7 ಸೀರೀಸ್‌ನ ಡಿಕ್ಕಿ, ಬೇರೆ ಯಾವುದೋ ಕಾರಿನ ಮುಚ್ಚಳ ತಂದು ಮೇಲೆ ಇಟ್ಟಂತೆ ಕಾಣುತ್ತಿತ್ತು. ಆಗಿನ ವಿನ್ಯಾಸ ಮುಖ್ಯಸ್ಥ ಕ್ರಿಸ್ ಬ್ಯಾಂಗಲ್‌ಗೆ ಜನ ಹಾಕಿದ ಶಾಪ ಅಷ್ಟಿಷ್ಟಲ್ಲ. ಅವರ ಕೈಕೆಳಗೆ ಆ ಕಾರಿನ ಹೊರರೂಪ ಬಿಡಿಸಿದವರು ಆಡ್ರಿಯನ್ ವ್ಯಾನ್ ಹೂಯ್ಡಾಂಕ್. 2005ರ ಫೇಸ್‌ಲಿಫ್ಟ್‌ನಲ್ಲಿ ದೀಪಗಳ ಹುಬ್ಬು ತಗ್ಗಿಸಿ, ಡಿಕ್ಕಿಯ ಅಂಚು ಮೃದು ಮಾಡಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬ್ಯಾಕ್‌ಲಾಗ್ ಕ್ಲಿಯರ್ ಮಾಡಿದ ಸೆಮಿಸ್ಟರ್ ಅದು. 2019ರಲ್ಲಿ ದೊಡ್ಡ ಮೂಗು ಬಂದಾಗ ಇಡೀ ಬಿಎಂಡಬ್ಲ್ಯು ಸಮೂಹದ ವಿನ್ಯಾಸಕ್ಕೆ ಮುಖ್ಯಸ್ಥರಾಗಿದ್ದವರೂ ಅದೇ ಹೂಯ್ಡಾಂಕ್. ಬೈಗುಳ ತಿಂದು ಅಭ್ಯಾಸವಿದ್ದ ಮನುಷ್ಯ!

ಇನ್ನು ಮೂಗಿನ ಹಿಂದಕ್ಕೆ ಬರೋಣ. 2019ರ ಆ ಕಾರಿನಲ್ಲಿ ನನಗೆ ಅತಿ ಇಷ್ಟವಾದ ಬದಲಾವಣೆ ಹಿಂದಿನ ಸೀಟಿನ ಬೆಲ್ಟ್ ಹೊರಬರುವ ಸೀಳಿನದು. ಆ ಸೀಳಿನ ಸುತ್ತ ಶಬ್ದ ತಡೆಯುವ ಹೊದಿಕೆಯನ್ನು ಸುಧಾರಿಸಿದರು. ಹಿಂಚಕ್ರದ ಗೂಡು, ನಡುಗಂಬಗಳಿಗೂ ಅದೇ ಉಪಚಾರ. ಪಕ್ಕದ ಗಾಜು 5.1 ಮಿ.ಮೀ. ದಪ್ಪವಾಯಿತು. ಯೋಚಿಸಿ ನೋಡಿ. ಬೆಲ್ಟಿನ ಸೀಳಿನಿಂದ ಶಬ್ದ ಒಳಬರುತ್ತಿದೆ ಎಂದು ಯಾರಿಗೋ ಗೊತ್ತಾಗಬೇಕಾದರೆ ಅದಕ್ಕಿಂತ ದೊಡ್ಡ ಶಬ್ದಗಳೆಲ್ಲ ಆ ಹೊತ್ತಿಗೆ ಸತ್ತಿರಬೇಕು. ಹಿಂದಿನ ಸೀಟಿನಲ್ಲಿ ಮೈಕ್ ಇಟ್ಟುಕೊಂಡು ಗಂಟೆಗಟ್ಟಲೆ ಕೂತು, ‘ಇಲ್ಲಿಂದ ಬರುತ್ತಿದೆ’ ಎಂದು ಬೆರಳಿಟ್ಟು ತೋರಿಸಿದ ಎಂಜಿನಿಯರ್‌ನ ಹೆಸರು ನಮಗೆ ಎಂದೂ ಗೊತ್ತಾಗುವುದಿಲ್ಲ. ಆತನ ಮೇಲೆ ಯಾರೂ ಮೀಮ್ ಮಾಡುವುದೂ ಇಲ್ಲ.

ಎಂಜಿನ್ ಕಡೆ ಬನ್ನಿ. ಪ್ಲಗ್-ಇನ್ ಹೈಬ್ರಿಡ್ ಮಾದರಿಯಲ್ಲಿ ಮೊದಲು ಇದ್ದದ್ದು ನಾಲ್ಕು ಸಿಲಿಂಡರ್. ಅಷ್ಟು ದೊಡ್ಡ ಕಾರಿಗೆ ಅದರ ಸದ್ದು, ಸೆಳೆತ ಎರಡೂ ಒಗ್ಗುತ್ತಿರಲಿಲ್ಲ ಎಂಬ ದೂರಿತ್ತು. ಅದನ್ನು ಕಿತ್ತು ಸಾಲಾಗಿ ಆರು ಸಿಲಿಂಡರ್ ಇರುವ ಎಂಜಿನ್ ಕೂರಿಸಿದರು. ಬ್ಯಾಟರಿ 9.2ರಿಂದ 12 ಕಿಲೋವ್ಯಾಟ್ ಅವರ್‌ಗೆ ಏರಿತು. ವಿ8 ಎಂಜಿನ್ 450ರಿಂದ 530 ಅಶ್ವಶಕ್ತಿಗೆ ಹೋಯಿತು. ಇವು ಜಾಹೀರಾತಿಗೆ ಒದಗುವ ಸಂಖ್ಯೆಗಳು. ಒದಗದ ಸಂಖ್ಯೆಯೂ ಒಂದಿದೆ. ಹನ್ನೆರಡು ಸಿಲಿಂಡರ್‌ನ ಅತಿ ದುಬಾರಿ ಮಾದರಿಯ ಶಕ್ತಿ ಯುರೋಪಿನಲ್ಲಿ 610ರಿಂದ 585ಕ್ಕೆ ಇಳಿಯಿತು. ಕಾರಣ, ಪೆಟ್ರೋಲ್ ಹೊಗೆಯ ಸೂಕ್ಷ್ಮ ಕಣಗಳನ್ನು ಹಿಡಿಯುವ ಫಿಲ್ಟರ್. ಯುರೋಪಿನಲ್ಲಿ 2018ರ ಸೆಪ್ಟೆಂಬರ್‌ನಿಂದ ಹೊಸ ಕಾರುಗಳಿಗೆಲ್ಲ ಡಬ್ಲ್ಯುಎಲ್‌ಟಿಪಿ ಎಂಬ ಕಠಿಣ ಪರೀಕ್ಷಾ ಕ್ರಮ ಕಡ್ಡಾಯವಾಗಿತ್ತು, ಕಣಗಳ ಮಿತಿಯೂ ಬಿಗಿಯಾಗಿತ್ತು. ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್-6 ಬಂತಲ್ಲ, ಅಂಥದ್ದೇ ಒತ್ತಡ. ಹೊಗೆ ಹೋಗುವ ದಾರಿಗೆ ಜಾಲರಿ ಅಡ್ಡ ಇಟ್ಟರೆ ಎಂಜಿನ್ ಉಸಿರು ಬಿಡಲು ಸ್ವಲ್ಪ ಕಷ್ಟಪಡುತ್ತದೆ. ಒಂದಿಷ್ಟು ಶಕ್ತಿ ಹೋಗುತ್ತದೆ. ಕಂಪನಿ 25 ಅಶ್ವಶಕ್ತಿ ಕಳೆದುಕೊಂಡಿತು, ಆ ಕಾರಿನ ಹಿಂದೆ ನಡೆದು ಹೋಗುವವನ ಶ್ವಾಸಕೋಶಕ್ಕೆ ಒಂದಿಷ್ಟು ಲಾಭವಾಯಿತು. ನನ್ನ ಲೆಕ್ಕದಲ್ಲಿ ಇಡೀ ಫೇಸ್‌ಲಿಫ್ಟ್‌ನ ಒಳ್ಳೆಯ ಸುದ್ದಿ ಅದೇ. ಆದರೆ ‘ಶಕ್ತಿ ಕಡಿಮೆಯಾಗಿದೆ, ಬನ್ನಿ ಕೊಳ್ಳಿ’ ಎಂದು ಯಾರು ತಾನೇ ಬೋರ್ಡ್ ಹಾಕುತ್ತಾರೆ?

ಮೇಲೆ ಥಳಕು, ಒಳಗೆ ಹುಳುಕು ಅನ್ನುತ್ತೇವಲ್ಲ, ಈ ಕಾರಿನಲ್ಲಿ ಅದು ತಿರುವುಮುರುವು. ಹುಳುಕು ಹೊರಗಿದೆ, ಥಳಕು ಒಳಗಿದೆ.

ಇಷ್ಟೆಲ್ಲ ಹೊಗಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ಫೇಸ್‌ಲಿಫ್ಟ್ ಎಂಬುದು ಒಂದು ಬಗೆಯ ವಸೂಲಿ ಎನ್ನುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. 1920ರ ದಶಕದಲ್ಲೇ ಅಮೆರಿಕದ ಜನರಲ್ ಮೋಟರ್ಸ್, ಆಲ್ಫ್ರೆಡ್ ಸ್ಲೋನ್ ಕಾಲದಲ್ಲಿ, ವರ್ಷವರ್ಷವೂ ಕಾರಿನ ರೂಪ ಬದಲಿಸಿ ಕಳೆದ ವರ್ಷ ಕೊಂಡವನಿಗೆ ತನ್ನ ಕಾರು ಹಳತೆನಿಸುವಂತೆ ಮಾಡುವ ವಿದ್ಯೆ ಕಲಿತಿತ್ತು. 7 ಸೀರೀಸ್‌ನ ಈ ಮಾದರಿ ಭಾರತಕ್ಕೆ 2019ರ ಜುಲೈನಲ್ಲಿ ಬಂದಾಗ ಆರಂಭದ ಬೆಲೆಯೇ 1.22 ಕೋಟಿ ರೂಪಾಯಿ. 2018ರಲ್ಲಿ ಹಳೆ ಮುಖದ ಕಾರು ಕೊಂಡವರು ಆ ದಿನ ಶೋರೂಮ್ ಮುಂದೆ ಹಾದುಹೋಗುವಾಗ ಏನು ಅಂದುಕೊಂಡಿರಬಹುದು? ಅವರ ಕಾರಿನ ಎಂಜಿನ್ ಸವೆದಿರಲಿಲ್ಲ, ಸೀಟು ಹರಿದಿರಲಿಲ್ಲ. ಆದರೂ ಮರುಮಾರಾಟದಲ್ಲಿ ಅದರ ಬೆಲೆಯನ್ನು ಹೊಸ ಮೂಗು ತಿಂದಿತು. ದೂರದಿಂದಲೇ ಗೊತ್ತಾಗುವ ಬದಲಾವಣೆ ಇರುವುದೇ ಅದಕ್ಕೆ. ಬೆಲ್ಟಿನ ಸೀಳು ನೋಡಿ ಪಕ್ಕದ ಮನೆಯವರು ಹೊಟ್ಟೆ ಉರಿದುಕೊಳ್ಳುವುದಿಲ್ಲವಲ್ಲ. ಹಾಗಾಗಿ ವಸೂಲಿ ಎಂಬ ದೂರು ಮೂಗಿಗೆ ಪೂರ್ತಿ ಅನ್ವಯಿಸುತ್ತದೆ. ಫಿಲ್ಟರ್‌ಗೆ, ಬೆಲ್ಟಿನ ಸೀಳಿಗೆ ಅನ್ವಯಿಸುವುದಿಲ್ಲ. ಎರಡನ್ನೂ ಒಂದೇ ಹೆಸರಿನಡಿ ಮಾರುವುದೇ ಗೊಂದಲಕ್ಕೆ ಮೂಲ.

ಈಗ ನಮ್ಮ ವಿಷಯ. ಎಂಜಿನಿಯರಿಂಗ್ ಓದುವ ನಾವು ಬೆಳೆಯುವುದು ‘ಹೊಸತು’ ಎಂಬ ಒಂದೇ ಮಂತ್ರ ಕೇಳಿಕೊಂಡು. ಪ್ರಾಜೆಕ್ಟ್ ರಿವ್ಯೂಗೆ ಹೋದರೆ ಮೊದಲ ಪ್ರಶ್ನೆ, ‘ಇದರಲ್ಲಿ ಹೊಸದೇನಪ್ಪಾ?’ ಹಿಂದಿನ ಬ್ಯಾಚಿನವರು ಮಾಡಿದ್ದನ್ನು ಸರಿಮಾಡುತ್ತೇವೆ ಸಾರ್ ಎಂದರೆ, ‘ಅದು ರಿಪೇರಿ, ಪ್ರಾಜೆಕ್ಟ್ ಅಲ್ಲ’ ಎಂಬ ಉತ್ತರ ಬರುತ್ತದೆ. ಫಲ ಏನು? ನಮ್ಮ ಕಾಲೇಜಿನ ವರ್ಕ್‌ಶಾಪ್ ಹಿಂದೆ ಮೂರು ಬ್ಯಾಚುಗಳು ಕಟ್ಟಿದ ಮೂರು ಗೋ-ಕಾರ್ಟ್‌ಗಳು ತುಕ್ಕು ಹಿಡಿಯುತ್ತಿವೆ. ಮೂರನ್ನೂ ಖಾಲಿ ಹಾಳೆಯಿಂದ ಶುರುಮಾಡಿದ್ದು. ಮೂರಕ್ಕೂ ಒಂದೇ ಕಾಯಿಲೆ: ಜೋರಾಗಿ ತಿರುಗಿಸಿದರೆ ಹಿಂದಿನ ಚೈನ್ ಕಳಚಿಕೊಳ್ಳುತ್ತದೆ. ಚೌಕಟ್ಟು ತಿರುವಿನಲ್ಲಿ ತಿರುಚಿಕೊಂಡು ಎರಡು ಸ್ಪ್ರಾಕೆಟ್‌ಗಳು ಒಂದೇ ಸಾಲಿನಲ್ಲಿ ಉಳಿಯುವುದಿಲ್ಲ ಎಂದು ಮೊದಲನೇ ಬ್ಯಾಚಿನವರೇ ರಿಪೋರ್ಟ್‌ನ ಕೊನೆಯ ‘ಫ್ಯೂಚರ್ ಸ್ಕೋಪ್’ ಅಧ್ಯಾಯದಲ್ಲಿ ಬರೆದಿಟ್ಟಿದ್ದಾರೆ. ಅದನ್ನು ಎರಡನೇ ಬ್ಯಾಚ್ ಓದಲಿಲ್ಲ, ಮೂರನೆಯದೂ ಓದಲಿಲ್ಲ. ಓದಿ ಆಗಬೇಕಾದ್ದಾದರೂ ಏನು, ಅಂಕ ಇರುವುದು ಹೊಸ ಚೌಕಟ್ಟಿಗೆ ತಾನೇ?

ಕೆಲಸಕ್ಕೆ ಸೇರಿದ ಮೇಲೆ ನಮ್ಮಲ್ಲಿ ಎಷ್ಟು ಮಂದಿಗೆ ಖಾಲಿ ಹಾಳೆ ಸಿಗುತ್ತದೆ? ಜರ್ಮನ್ ಕಾರು ಎಂದರೆ ದೂರದ ದೇಶದ ವಿಷಯವೇನೂ ಅಲ್ಲ. ಈ 7 ಸೀರೀಸ್ ಬವೇರಿಯಾದ ಡಿಂಗೊಲ್ಫಿಂಗ್‌ನಲ್ಲಿ ತಯಾರಾದರೆ, ನಮ್ಮ ದೇಶಕ್ಕೆ ಬೇಕಾದ ಕಾರುಗಳನ್ನು ಬಿಎಂಡಬ್ಲ್ಯು ಚೆನ್ನೈನಲ್ಲಿ ಜೋಡಿಸುತ್ತದೆ. ಮರ್ಸಿಡಿಸ್‌ನ ಸಂಶೋಧನೆ ಮತ್ತು ಅಭಿವೃದ್ಧಿ ಕೇಂದ್ರ 1996ರಿಂದ ಬೆಂಗಳೂರಿನಲ್ಲಿದೆ. ಜರ್ಮನಿಯ ಹೊರಗೆ ಅವರ ಅತಿ ದೊಡ್ಡ ಕೇಂದ್ರ ಅದು. ಬಾಷ್ ಬೆಂಗಳೂರಿನಲ್ಲಿ ಬೇರು ಬಿಟ್ಟು ದಶಕಗಳೇ ಆದವು. ನಮ್ಮ ಸೀನಿಯರ್ ಒಬ್ಬರು ಬೆಂಗಳೂರಿನಲ್ಲಿ ಬಿಡಿಭಾಗ ಪೂರೈಸುವ ಕಂಪನಿಯೊಂದಕ್ಕೆ ಸೇರಿ ಮೊದಲ ಎಂಟು ತಿಂಗಳು ಮಾಡಿದ್ದು ಹೆಡ್‌ಲ್ಯಾಂಪ್ ಹಿಡಿಯುವ ಒಂದು ಬ್ರ್ಯಾಕೆಟ್‌ನ ಕೆಲಸ. ದೀಪ ಹೊಸದು, ತೆಳ್ಳಗಿನದು. ಆದರೆ ಗೂಡಿನ ಮೇಲಿನ ಮೂರು ತೂತುಗಳು ಹಳೆಯವು, ಅವುಗಳ ಜಾಗ ಕದಲಿಸುವಂತಿಲ್ಲ. ತೂಕ ಹೆಚ್ಚಬಾರದು, ದೀಪ ನಡುಗಬಾರದು, ಪಾದಚಾರಿಗೆ ಡಿಕ್ಕಿಯಾದರೆ ಬ್ರ್ಯಾಕೆಟ್ ಮುರಿದು ದೀಪ ಹಿಂದೆ ಸರಿಯಬೇಕು. ‘ನಾಲ್ಕು ವರ್ಷದ ಬಿ.ಇ.ಯಲ್ಲಿ ಇಷ್ಟು ಕಷ್ಟದ ಲೆಕ್ಕ ಯಾರೂ ಕೊಟ್ಟಿರಲಿಲ್ಲ ಕಣೋ’ ಎಂದರು. ಬಂಪರ್ ತಂಡದಲ್ಲಿರುವ ಅವರ ಗೆಳೆಯರಿಗೆ ಇನ್ನೊಂದು ತಲೆನೋವು. ಇಂದಿನ ಕಾರುಗಳಲ್ಲಿ ಬಂಪರಿನ ಪ್ಲಾಸ್ಟಿಕ್ ಹಿಂದೆ ರಾಡಾರ್ ಕೂತಿರುತ್ತದೆ. ಮುಂದಿನ ಪ್ಲಾಸ್ಟಿಕ್‌ನ ದಪ್ಪ, ಬಾಗು, ಬಣ್ಣದ ಪದರ ಬದಲಾದರೂ ಅಲೆಗಳ ದಾರಿ ಬದಲಾಗುತ್ತದೆ. ಅಂದರೆ ‘ಬರೀ ಮುಖ ಬದಲಿಸಿದ್ದು’ ಎನ್ನುವ ಕೆಲಸವೂ ಬರೀ ಮುಖದ ಕೆಲಸವಲ್ಲ.

ಖಾಲಿ ಹಾಳೆಯ ಮೇಲೆ ಬಿಡಿಸುವವನಿಗೆ ಸ್ವಾತಂತ್ರ್ಯ ಇರುತ್ತದೆ. ಫೇಸ್‌ಲಿಫ್ಟ್ ಎಂಜಿನಿಯರ್‌ಗೆ ಯಾರೋ ನಾಲ್ಕು ವರ್ಷದ ಹಿಂದೆ ತೆಗೆದುಕೊಂಡ ತೀರ್ಮಾನಗಳಿರುತ್ತವೆ, ಅವುಗಳ ಮೇಲೆ ಬಂದ ಗಿರಾಕಿಗಳ ದೂರುಗಳಿರುತ್ತವೆ, ಬದಲಿಸಲಾಗದ ಮೂರು ತೂತುಗಳಿರುತ್ತವೆ. ಇಂಥ ಕೆಲಸವನ್ನು ಕಾಲೇಜಿನಲ್ಲಿ ಕಲಿಸಲು ಕೋಟಿ ರೂಪಾಯಿಯ ಕಾರು ಬೇಕಿಲ್ಲ. ಹಿಂದಿನ ಬ್ಯಾಚಿನ ಒಂದು ತುಕ್ಕು ಹಿಡಿದ ಕಾರ್ಟ್, ಅದರ ರಿಪೋರ್ಟ್, ಮತ್ತು ‘ಚೌಕಟ್ಟಿನ ಬೆಸುಗೆ ಮುಟ್ಟುವಂತಿಲ್ಲ, ಬೋಲ್ಟ್ ಬಿಚ್ಚಿ ಹಾಕಿದ್ದರಲ್ಲೇ ಸರಿಮಾಡಿ’ ಎಂಬ ಒಂದು ಷರತ್ತು ಸಾಕು.

ನಾವು ಮೂವರು ಮುಂದಿನ ವರ್ಷದ ಪ್ರಾಜೆಕ್ಟ್‌ಗೆ ಅದನ್ನೇ ಬರೆದು ಕೊಟ್ಟಿದ್ದೇವೆ. ಎರಡನೇ ಬ್ಯಾಚಿನ ಕಾರ್ಟ್, ಅದೇ ಚೌಕಟ್ಟು. ಎಂಜಿನ್ ಕೂರುವ ತಟ್ಟೆ ಮತ್ತು ಚೈನ್ ಬಿಗಿಮಾಡುವ ರೋಲರ್ ಮಾತ್ರ ನಮ್ಮದು. ‘ಹೊಸದೇನು?’ ಎಂಬ ಕಾಲಂನಲ್ಲಿ ‘ಚೈನ್ ಕಳಚುವುದಿಲ್ಲ’ ಎಂದು ತುಂಬಿದ್ದೇವೆ. ಗೈಡ್ ಸಹಿ ಇನ್ನೂ ಆಗಿಲ್ಲ.